ಕುರ್ಚಿಯಕ್ಕನ ಹನ್ನೆರಡು ಸಾಲು

ಒಂದು ಊರಿನಲ್ಲಿ ಒಂದು ಬಿಳಿ ಗೋಡೆ ಇತ್ತಂತೆ. ಗೋಡೆಗೆ ಕಥೆ ಹೇಳುವ ಆಸೆ, ಊರಿಗೆ ಕೇಳುವ ಆಸೆ. ಆದರೆ ಕೂರುವುದೆಲ್ಲಿ? ಆಗ ಮನೆಗೊಂದರಂತೆ ಕುರ್ಚಿಗಳು ಜನರ ತಲೆಯೇರಿ ಹೊರಟವಂತೆ. ಮೋಟು ಕಾಲಿನದು, ಕೈ ಮುರಿದದ್ದು, ಮದುವೆಗೆಂದು ಕೊಂಡದ್ದು, ಗಂಡನಿಗೆ ಹೇಳದೆ ತಂದದ್ದು.

ಕೇಳಲು ಕಟ್ಟುಕಥೆಯಂತಿದ್ದರೂ ಇದು ನಲವತ್ತೊಂದು ವರ್ಷದ ಹಿಂದೆ ಈ ಓಣಿಯಲ್ಲೇ ನಡೆದದ್ದು. ಖಾಲಿ ಬಿದ್ದಿದ್ದ ಚೀಲದ ಗೋದಾಮಿಗೆ ಓಣಿಯವರೇ ಸುಣ್ಣ ಬಳಿದು, ಹಳೆಯ ಪ್ರೊಜೆಕ್ಟರ್ ತಂದು ಟಾಕೀಸು ಮಾಡಿದರು. ಕುರ್ಚಿ ಕೊಟ್ಟ ಮನೆಯವರಿಗೆ ಮೊದಲ ವರ್ಷ ಟಿಕೆಟ್ಟೇ ಇರಲಿಲ್ಲ. ಇಂದಿಗೂ ಒಂದು ಲೋಟ ಚಹಾದ ದುಡ್ಡಿಗೆ ಇಲ್ಲೊಂದು ಸಿನಿಮಾ.

ಶನಿವಾರ, ಬೆಳಗಿನ ಆರು ಗಂಟೆ. ಬಾಗಿಲ ಸಂದಿಯ ಬೆಳಕಿನಲ್ಲಿ ಮರದ ಪುಡಿ ತೇಲುತ್ತಿದೆ. ಐವತ್ತೆಂಟರ ಕುರ್ಚಿಯಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮೊದಲ ಸಾಲಿನ ಪಟ್ಟಿಗೆ ಸ್ಕ್ರೂ ತಿರುಗಿಸುತ್ತಿದ್ದಾರೆ. ಬಾಯಲ್ಲಿ ನಾಲ್ಕು ಸ್ಕ್ರೂ. ಮಾತಾಡಬೇಕೆಂದರೆ ಒಂದೊಂದಾಗಿ ಅಂಗೈಗೆ ಉಗುಳಿಕೊಳ್ಳುತ್ತಾರೆ.

ಮೂರು ವಾರದ ಹಿಂದೆ ತಪಾಸಣೆಯವರ ಆದೇಶ ಬಂತು. ಬಿಡಿ ಕುರ್ಚಿಗಳು ಅಪಾಯ. ನೂಕುನುಗ್ಗಲಾದರೆ ಜನ ಎಡವಿ ಬೀಳುತ್ತಾರೆ. ಸಾಲುಗಳನ್ನು ಜೋಡಿಸಿ ನೆಲಕ್ಕೆ ಬಿಗಿಯಬೇಕು, ಎರಡೂ ಗೋಡೆಗಳ ಪಕ್ಕ ದಾರಿ ಬಿಡಬೇಕು. ಈ ಶನಿವಾರ ಹತ್ತು ಗಂಟೆಯೊಳಗೆ ಆಗದಿದ್ದರೆ ಬೀಗ. ಟಾಕೀಸು ನಡೆಸುವ ಓಣಿಯ ಸಂಘದ ಸಭೆ ಮುಖ ಮುಖ ನೋಡಿಕೊಂಡಾಗ ಇವರೊಬ್ಬರೇ ಎದ್ದು ನಿಂತು, "ನಾನು ಮಾಡಿಕೊಡ್ತೀನಿ" ಎಂದರು. ಹನ್ನೆರಡು ಸಾಲು, ಸಾಲಿಗೆ ಹನ್ನೊಂದು. ಈಗ ಉಳಿದಿರುವುದು ಒಂದೇ ಕುರ್ಚಿ.

ಕುರ್ಚಿಯಕ್ಕ ಬಡಗಿಯ ಮಗಳು. ಈ ಓಣಿಗೆ ಸೊಸೆಯಾಗಿ ಬಂದ ವರ್ಷವೇ ಗರಗಸ ಹಿಡಿದರು. ಹಿಂದೆ ಕೂತವರಿಗೆಲ್ಲ ಆಗ ಕಾಣುತ್ತಿದ್ದದ್ದು ಮುಂದಿನವರ ಜಡೆ, ಬೋಳು ತಲೆ. "ನೆಲ ಸಪಾಟು. ಇಳಿಜಾರು ಮಾಡೋಕೆ ಅದನ್ನ ಅಗೀಬೇಕು, ಯಾರ ಕೈಲಾಗುತ್ತೆ? ಕುರ್ಚಿ ಕಾಲಲ್ಲೇ ಇಳಿಜಾರು ಮಾಡಿದೆ." ಮುಂದಿನವುಗಳ ಕಾಲು ಕೊಯ್ದರು, ಹಿಂದಿನವುಗಳಿಗೆ ಮರದ ತುಂಡು ಸೇರಿಸಿ, ಕಾಲಿಡಲು ಹಲಗೆ ಹೊಡೆದರು. ಮೊದಲ ಸಾಲಿಗೂ ಕೊನೆಯ ಸಾಲಿಗೂ ಒಂದು ಗೇಣು ವ್ಯತ್ಯಾಸ. ಅಳತೆಗೆ ಹನ್ನೆರಡು ಗೀರುಗಳ ಒಂದು ಕೋಲು.

ಮೊದಮೊದಲು ಅಳತೆ ತಪ್ಪಲಿಲ್ಲವೇ? ಕೇಳಿದ್ದೇ ತಡ, ಅವರಿಗೆ ನಗು. "ಈ ಕಾಲು ಉದ್ದ ಅಂತ ಕೊಯ್ದೆ, ಆ ಕಾಲು ಉದ್ದ ಅಂತ ಕೊಯ್ದೆ. ಸಾಯಂಕಾಲಕ್ಕೆ ಕುರ್ಚಿ ಹೋಗಿ ಮಣೆ ಆಯ್ತು!"

ಅಂದಿನಿಂದ ಟಾಕೀಸಿನಲ್ಲೊಂದು ಕಟ್ಟಳೆ: ಕೊಟ್ಟ ಮನೆಯವರು ಒಪ್ಪದೆ ಕುರ್ಚಿಗೆ ಗರಗಸ ತಾಗುವಂತಿಲ್ಲ. ಇವತ್ತಿನ ಸಂಕಟವೂ ಅದೇ. ಉಳಿದ ಕುರ್ಚಿ ತೀರಿಕೊಂಡ ಅವರ ಅತ್ತೆಯದು, ಎತ್ತರದ್ದು. ಇಷ್ಟು ವರ್ಷ ಮೊದಲ ಸಾಲಿನ ತುದಿಯಲ್ಲಿ, ಪಕ್ಕದ ಗೋಡೆಗೆ ಒತ್ತಿಕೊಂಡು ಯಾರಿಗೂ ಅಡ್ಡವಾಗದೆ ಇತ್ತು. ಈಗ ಅಲ್ಲಿ ದಾರಿ; ಕುರ್ಚಿ ಸಾಲಿನ ನಡುವೆ ಬರಬೇಕು, ನಾಲ್ಕು ಬೆರಳು ತಗ್ಗಬೇಕು. ಅದರಲ್ಲಿ ಕೂರುವುದು ನಾದಿನಿ. ಕಿವಿ ಮಂದ, ಮುಂದೆಯೇ ಬೇಕು. ಅಮ್ಮನದು ಬಿಟ್ಟು ಬೇರೆ ಕುರ್ಚಿ ಮುಟ್ಟುವವರಲ್ಲ.

ಏಳು ಗಂಟೆಗೆ ನಾದಿನಿ ಬಂದವರೇ ಕುರ್ಚಿಯ ಮೇಲೆ ಕಾವಲಿಗೆ ಕೂತಂತೆ ಕೂತುಬಿಡುತ್ತಾರೆ.

"ಏನತ್ತಿಗೆ, ನಮ್ಮಮ್ಮನ ಕುರ್ಚಿಗೇ ಗರಗಸವಾ? ಮೊದಲು ನನ್ನ ಕಾಲು ಕೊಯ್ಯಿರಿ!"

ಕುರ್ಚಿಯಕ್ಕ ದನಿ ಏರಿಸುತ್ತಾರೆ. "ನಿನ್ನ ಕಾಲು ನೆಲಾನೇ ಮುಟ್ಟಿಲ್ಲ, ಬಗ್ಗಿ ನೋಡೇ!"

ನಾದಿನಿ ಬಗ್ಗುತ್ತಾರೆ. ಪಾದಗಳು ಗಾಳಿಯಲ್ಲಿ ತೂಗುತ್ತಿವೆ.

"ಪ್ರತಿ ವಾರ ಹೊರಗೆ ಬಂದು ಏನಂತೀಯ? ಅರ್ಧ ಗಂಟೆ ಜಾಸ್ತಿ ಆಯ್ತು, ಕಾಲು ಜೋಮು ಹಿಡೀತು ಅಂತ ತಾನೆ? ಸಿನಿಮಾ ಉದ್ದ ಅಲ್ಲ ಕಣೇ, ಕುರ್ಚಿ ಉದ್ದ."

ನಾದಿನಿ ನಗುವುದಿಲ್ಲ. ತೂಗುವ ಕಾಲು ಆಡಿಸಿ ನೋಡುತ್ತಾರೆ.

"ಅಮ್ಮನೂ ನನ್ನಷ್ಟೇ ಕುಳ್ಳಿ," ಎನ್ನುತ್ತಾರೆ. "ಸಿನಿಮಾ ಮುಗಿದ್ರೆ ನನ್ನ ಹೆಗಲು ಹಿಡ್ಕೊಂಡೇ ಏಳ್ತಿದ್ಲು. ವಯಸ್ಸಾಯ್ತು ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡೆ. ಬಡಗಿ ಮಗಳಾಗಿ ನನಗೂ ಹೊಳೀಲಿಲ್ಲ, ನೋಡು."

ನಾದಿನಿ ಕೆಳಗಿಳಿದು, ಕುರ್ಚಿಯನ್ನು ತಾವೇ ಮಗುಚಿ, ಅಲುಗದಂತೆ ಎರಡು ಕಾಲು ಹಿಡಿದು ಮುಖ ಆಚೆ ತಿರುಗಿಸುತ್ತಾರೆ. "ಬೇಗ ಮುಗಿಸಿಬಿಡಿ."

ನಾಲ್ಕು ಸಲ ಗರಗಸದ ಸದ್ದು. ನಾಲ್ಕು ಮರದ ತುಂಡುಗಳನ್ನು ನಾದಿನಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾರೆ.

ಹತ್ತು ಗಂಟೆಗೆ ಅಧಿಕಾರಿ ಬರುತ್ತಾರೆ. ಹನ್ನೆರಡೂ ಸಾಲು ಹಿಡಿದು ಜಗ್ಗುತ್ತಾರೆ, ಒಂದೆರಡಕ್ಕೆ ಬೂಟುಗಾಲಿನಿಂದ ಒದ್ದೂ ನೋಡುತ್ತಾರೆ. ಒಂದೂ ಮಿಸುಕುವುದಿಲ್ಲ. ಕಾಗದಕ್ಕೆ ಸಹಿ ಬೀಳುತ್ತದೆ.

"ಗಟ್ಟಿ ಮಾಡಿದ್ದೀರಮ್ಮ," ಎನ್ನುತ್ತಾರೆ ಅಧಿಕಾರಿ.

ಕುರ್ಚಿಯಕ್ಕ ಮಂಡಿ ಹಿಡಿದು ಮೆಲ್ಲಗೆ ಏಳುತ್ತಾರೆ. "ಇನ್ಮೇಲೆ ಏನಾದ್ರೂ ನಡುಗಿದ್ರೆ ಅದು ಕುರ್ಚಿ ಅಲ್ಲ ಸಾರ್, ಕೂತವರು ಅಂತ ತಿಳ್ಕೊಳ್ಳಿ."