ಮರಿ ಬಿಡುವ ಹೊತ್ತು

ಇದನ್ನು ಬರೆಯಬೇಕೆಂದು ಗುವಾಹಟಿಗೆ ಬಂದಾಗಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಮೊದಲು ಚಳಿ ಅಂದೆ, ಆಮೇಲೆ ಕಣ್ಣಿನ ಪೊರೆ ಅಂದೆ. ಖರೆ ಅಂದರೆ ಧೈರ್ಯ ಇರಲಿಲ್ಲ.

ಬಂದ ದಿನ ಮಧ್ಯಾಹ್ನ ಮಲಗಿ ಎದ್ದರೆ ಹೊರಗೆ ಕತ್ತಲು. ಗಡಿಯಾರ ಐದು ತೋರಿಸುತ್ತಿತ್ತು. ಗೋಕಾಕದ ಹತ್ತಿರದ ನಮ್ಮ ಕಲ್ಲೋಳಿಯಲ್ಲಿ ಆ ಹೊತ್ತಿಗೆ ಕುರಿಗಳು ಇನ್ನೂ ಬಿಸಿಲಲ್ಲೇ ಮೇಯುತ್ತಿರುತ್ತವೆ. ಪಕ್ಕದ ಮನೆಯ ಅಜ್ಜಿ ‘ಆಹೋಕ್’ ಎಂದು ಕರೆದರು. ನಮ್ಮ ‘ಬರ್ರಿ’ ಇದ್ದ ಹಾಗೆ. ಕೂತ ಕೂಡಲೇ ‘ತಾಮೋಲ್’ ಕೊಟ್ಟರು, ಎಲೆಯ ಜೊತೆ ಹಸಿ ಅಡಿಕೆ. ಅಗಿದದ್ದೇ ತಡ, ಕಿವಿ ಬಿಸಿಯಾಗಿ ತಲೆ ತಿರುಗಿತು. ಅಜ್ಜಿ ನಕ್ಕರು. ಈಗ ಅರ್ಧ ಹೋಳು ತಡೆದುಕೊಳ್ಳುತ್ತೇನೆ. ಜೋಳದ ಹಿಟ್ಟು ಮಾತ್ರ ಇಲ್ಲಿ ಸಿಕ್ಕಿಲ್ಲ. ಗೋಕಾಕದಿಂದ ತಂದದ್ದು ತಳ ಕಂಡಿದೆ.

ನನ್ನ ಮಗಳು ರೇಣುಕಾ ಇಲ್ಲಿ ಪ್ರಾಧ್ಯಾಪಕಿ. ಮಕ್ಕಳು ಹೇಗೆ ಕಲಿಯುತ್ತಾರೆಂದು ನೋಡಿ ಅದಕ್ಕೆ ತಕ್ಕಂತೆ ಕಂಪ್ಯೂಟರಿನಲ್ಲಿ ಪಾಠ ಕಟ್ಟುವುದು ಅವಳ ವಿದ್ಯೆ. ಬೋಧನಾ ವಿನ್ಯಾಸ ಅನ್ನುತ್ತಾರೆ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು, ದೊಡ್ಡಿಯ ಕೆಲಸ ಅಷ್ಟು ತಿಳಿಯದು. ಆದರೂ ಸಂಶೋಧನೆಗೆ ಆರಿಸಿಕೊಂಡದ್ದು ನಮ್ಮ ದೊಡ್ಡಿಯನ್ನೇ.

ಸಂಜೆ ಕುರಿಗಳು ಮೇದು ಬಂದಾಗ, ಕೂಡಿಹಾಕಿದ ಮರಿಗಳನ್ನು ಒಂದೊಂದಾಗಿ ಅದರದರ ತಾಯಿಗೆ ಸೇರಿಸಬೇಕು. ಅದೇ ಮರಿ ಬಿಡುವುದು. ಎಲ್ಲ ಮರಿಗಳೂ ಒಂದೇ ತರಹ ಕಾಣುತ್ತವೆ. ನಮ್ಮೂರ ಮಕ್ಕಳು ಅದನ್ನು ಹೇಗೆ ಕಲಿಯುತ್ತಾರೆ ಎಂಬುದು ಅವಳ ಪ್ರಶ್ನೆ. ಕೆಲವು ವರ್ಷದ ಹಿಂದೆ, ನಾನಿನ್ನೂ ಊರಲ್ಲಿದ್ದಾಗ, ಚಿತ್ರ ತೆಗೆಯಲು ಇಬ್ಬರು ವಿದ್ಯಾರ್ಥಿಗಳನ್ನು ಕಳಿಸಿದಳು.

ಮಕ್ಕಳಿಗೆ ಕಲಿಸುತ್ತಿದ್ದವಳು ನನ್ನ ಅಕ್ಕ. ನಾನು ಮ್ಯಾಟ್ರಿಕ್ ಓದಿ ಕಾರ್ಖಾನೆಯಲ್ಲಿ ಪಗಾರ ತಿಂದವನು. ಕ್ಯಾಮೆರಾ ಕಂಡದ್ದೇ, “ನಿನಗ ಮಾತಾಡಾಕ ಬರೂದಿಲ್ಲ, ಒಳಗ ಹೋಗಿ ಚಾ ಇಡು” ಅಂದೆ. ಅಕ್ಕ ಕೈಯಲ್ಲಿದ್ದ ಮರಿಯನ್ನು ನನ್ನ ಕೈಗಿಟ್ಟು ಹೋದಳು.

ಮಕ್ಕಳು ತಪ್ಪು ಮರಿ ಹಿಡಿದಾಗಲೆಲ್ಲ ನಾನು ಕೂಗಿ ಸರಿಯಾದದ್ದನ್ನು ತೋರಿಸಿದೆ. ಚಿತ್ರ ಚೆಂದ ಬಂತು. ರೇಣುಕಾ ಅದನ್ನೇ ನಂಬಿ ಪಾಠ ಕಟ್ಟಿದಳು. ಮಗು ಪರದೆಯ ಮೇಲೆ ತಪ್ಪಾದುದನ್ನು ಮುಟ್ಟಿದರೆ ಯಂತ್ರ ಆ ಕ್ಷಣವೇ ಸರಿಯಾದುದನ್ನು ಹೇಳುತ್ತದೆ.

ಕಳೆದ ತಿಂಗಳು ಇಲ್ಲಿಯ ಒಂದು ಶಾಲೆಗೆ ಕರೆದೊಯ್ದಳು. ಮಕ್ಕಳು ಪರದೆಯಲ್ಲಿ ಏನಿದೆ ಎಂದು ಗಮನಿಸಲೇ ಇಲ್ಲ. ಸಿಕ್ಕಿದ್ದನ್ನು ಮುಟ್ಟಿ, ಯಂತ್ರ ಹೇಳಲಿ ಎಂದು ಕಾಯುತ್ತಿದ್ದರು. ಹೀಗೇ ಆದರೆ ಅವಳ ಯೋಜನೆಯನ್ನು ನಿಲ್ಲಿಸುತ್ತಾರಂತೆ.

“ಅಪ್ಪಾ, ನಮ್ಮೂರ ಹುಡುಗ್ರು ಕಲೀತಾರ. ಇಲ್ಲಿ ಹುಡುಗ್ರು ಯಾಕ ಕಲೀವಲ್ರು?” ಊಟಕ್ಕೆ ಕೂತಾಗ ಕೇಳಿದಳು.

ಅವತ್ತು ಅನ್ನ ಕಲಸುತ್ತ ಕೂತೆ. ವಾರ ಕಳೆದ ಮೇಲೆ ಹೇಳಿದೆ. “ಅದು ನಾ ಕಲಿಸೂ ರೀತಿ ಯವ್ವಾ. ನಿಮ್ಮತ್ತೀದಲ್ಲ.”

ಕಲಿಸುವಾಗ ಅಕ್ಕ ಏನೂ ಹೇಳುತ್ತಿರಲಿಲ್ಲ. ತಪ್ಪು ಮರಿ ಬಂದರೆ ಕುರಿ ಮೂಸಿ ನೋಡಿ ಹಾಯ್ದು ದೂಡುತ್ತದೆ. ಆಗ ಮಗು ಮರಿಯ ಕಿವಿ, ಮಚ್ಚೆ, ದನಿ ಎಲ್ಲವನ್ನೂ ತಾನೇ ಮತ್ತೆ ಗಮನಿಸುತ್ತದೆ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಅಷ್ಟೇ.

ರೇಣುಕಾ ತಾಟು ಸರಿಸಿದಳು. “ಇಷ್ಟ ವರ್ಷ ಸುಮ್ನಿದ್ದಿ. ಅವತ್ತೊಂದ ಸಂಜಿ ಸುಮ್ನಿದ್ದಿದ್ರ ಸಾಕಾಗಿತ್ತು.”

ಈಗ ಪಾಠವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಾಳೆ. ಯೋಜನೆ ಉಳಿಯುತ್ತದೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ನಡೆದದ್ದನ್ನು ಅತ್ತೆಗೆ ನೀನೇ ಹೇಳು ಅಂದಿದ್ದಾಳೆ.

ಅಕ್ಕ ಈಗ ಹುಕ್ಕೇರಿ ಕಡೆ, ಬೆಲ್ಲದ ಬಾಗೇವಾಡಿಯ ಮಗಳ ಮನೆಯಲ್ಲಿದ್ದಾಳೆ. ಫೋನು ಮಾಡುತ್ತೇನೆ. “ಅಲ್ಲಿ ಕುರಿ ಅದಾವೇನೋ ತಮ್ಮಾ?” ಅನ್ನುತ್ತಾಳೆ. ಆಡು ಅದಾವ ಅನ್ನುತ್ತೇನೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಇಲ್ಲಿಯ ಮಕ್ಕಳು ಪಾಠದ ಜೊತೆ ತೋರಿಸುವ ಆ ಚಿತ್ರದಲ್ಲಿ ಕಂಡ ಮುದುಕ ನಾನೇ ಎಂದು ಗುರುತಿಸಿ ಕೈ ಮುಗಿಯುತ್ತಾರೆ. ಆ ಮುಖ ಹೊತ್ತು ಊರಿಗೆ ಹೋಗಲಾರೆ, ಇಲ್ಲಿಯೂ ಅದು ನನ್ನದಲ್ಲ. ಇಲ್ಲಿ ದೀಪ ಹಚ್ಚಿದಾಗ ಅಲ್ಲಿ ಇನ್ನೂ ಮರಿ ಬಿಡುವ ಹೊತ್ತಾಗಿರುವುದಿಲ್ಲ. ಅಕ್ಕನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತಿದ್ದೇನೆ. ನಮ್ಮೂರ ಮಕ್ಕಳಿಗೆ ಮರಿ ಬಿಡುವುದನ್ನು ಕಲಿಸಿದವನು ನಾನಲ್ಲ. ಕಲಿಸಿದವಳು ಮಾಳವ್ವ, ಕಲ್ಲೋಳಿಯ ಮಾಳವ್ವ, ನನ್ನ ಅಕ್ಕ.