ಅಂಗಳದಲ್ಲಿ ಬಿದ್ದ ನನ್ನ ಹೆಸರು

ಜಯಾ, ಆ ದಿನ ಬಾಗಿಲ ಮುಂದೆ ನೀನು ಓದಿದ್ದು ಸರಿಯಾಗಿತ್ತು. ಸುಳ್ಳು ಹೇಳಿದವನು ನಾನು — ನಿನ್ನ ಚಿಕ್ಕಪ್ಪ. ಅದಕ್ಕೆ ನಿನಗೆ ಏಟು ಬಿತ್ತು, ನಾನು ನೋಡುತ್ತ ನಿಂತಿದ್ದೆ.

ಆಗ ನಾನು ಸಿನಿಮಾಗಳ ಶುರುವಿನಲ್ಲಿ ಬರುವ ಹೆಸರುಗಳನ್ನು ಕಪ್ಪು ರಟ್ಟಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಿದ್ದೆ. ಒಂದು ಚಿತ್ರದಲ್ಲಿ ಹಳ್ಳಿಯ ಹುಡುಗಿಯೊಬ್ಬಳು ದೊಡ್ಡವಳಾಗುವ ಕತೆ. ಹೆಸರುಗಳ ಹಿಂದೆ ರಂಗೋಲಿ ಇರಲಿ, ಹುಡುಗಿ ಬೆಳೆದಂತೆ ಅದೂ ಬೆಳೆಯಲಿ ಎಂದರು ನಿರ್ದೇಶಕರು. ನನಗೋ ರಂಗೋಲಿಯ ಗಂಧವೇ ಇಲ್ಲ! ಗೊರಗುಂಟೆಪಾಳ್ಯದ ನಮ್ಮ ಅಂಗಳದಲ್ಲಿ ಅತ್ತಿಗೆ — ನಿನ್ನ ಅವ್ವ — ಒಂದು ವಾರ ದಿನಾ ಬೆಳಿಗ್ಗೆ ಕೂತು ಹಾಕಿಕೊಟ್ಟರು. ಮೊದಲ ದಿನ ನಾಲ್ಕೇ ಚುಕ್ಕಿ, ಕೊನೆಯ ದಿನ ಅಂಗಳದ ತುಂಬ ಬಳ್ಳಿ. ಒಮ್ಮೆ ನೋಡಿದ ಗೆರೆಯನ್ನು ಅವರು ಮರೆಯುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ರಟ್ಟಿಗೆ ಇಳಿಸಿಕೊಂಡೆ, ಅಷ್ಟೆ.

“ನನ್ ಎಸ್ರೂ ಆಕ್ತೀಯೇನಪ್ಪಾ?” ಎಂದು ನಾಚಿಕೊಂಡೇ ಕೇಳಿದ್ದರು. “ಹಾಕ್ದೆ ಇರ್ತೀನಾ ಅತ್ತಿಗೆ!” ಎಂದಿದ್ದೆ. ಹಾಕಲಿಲ್ಲ. ಮನೆಯ ಹೆಂಗಸಿನಿಂದ ಹಾಕಿಸಿಕೊಂಡು ಬಂದವನೆಂದು ಸ್ಟುಡಿಯೋದವರು ನಕ್ಕರೆ ಎಂಬ ಭಯ — ಇಲ್ಲ, ಭಯವೂ ಅಲ್ಲ. ಹೊಗಳಿಕೆ ನನಗೊಬ್ಬನಿಗೇ ಬೇಕಿತ್ತು.

ಯಶವಂತಪುರದ ಟೆಂಟಿಗೆ ಆ ಚಿತ್ರ ಬಂದಾಗ ಅತ್ತಿಗೆ ಮದುವೆಯ ಸೀರೆ ಉಟ್ಟು ಬಂದರು. ಅಣ್ಣನಿಗೂ ಅವರಿಗೂ ಓದು ಬಾರದು. ಮನೆಯಲ್ಲಿ ಓದಿದವನು ನಾನೊಬ್ಬನೇ. ಕೊನೆಯ ಬಳ್ಳಿಯ ನಡುವೆ ‘ನಾರಾಯಣ’ ಎಂದು ನನ್ನ ಹೆಸರು ಮೂಡಿತು. ಅತ್ತಿಗೆ ನನ್ನ ತೋಳು ಹಿಡಿದು, “ಇದೇನಾ?” ಎಂದರು.

“ಅದೇ ಅತ್ತಿಗೆ. ಲಕ್ಕಮ್ಮ ಅಂತ.”

ಅವರು ಪರದೆಗೆ ಕೈ ಮುಗಿದರು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದಲ್ಲಿ ರಂಗೋಲಿಯ ಗೆರೆಯಲ್ಲಿ ನನ್ನ ಹೆಸರು! ನಾಲ್ಕಕ್ಷರ, ನಾನು ಬರೆದ ಹಾಗೇ, ಒಂದು ಗೆರೆಯೂ ತಪ್ಪದೆ. ಒಂದನೇ ಕ್ಲಾಸಿನ ನೀನು ಬಗ್ಗಿ, ಕೂಡಿಸಿ ಕೂಡಿಸಿ ಓದಿದೆ: “ನಾ — ರಾ — ಯ — ಣ. ಅವ್ವಾ, ಇದು ಚಿಕ್ಕಪ್ಪನ್ ಎಸ್ರು!”

ಅತ್ತಿಗೆ ನನ್ನ ಮುಖ ನೋಡಿದರು. ಆಗಲಾದರೂ ಹೇಳಬಹುದಿತ್ತು —

“ಅವಳಿಗಿನ್ನೂ ಅಕ್ಷರ ಬರಲ್ಲ ಅತ್ತಿಗೆ,” ಎಂದೆ.

“ಅವ್ವನ್ ಎಸ್ರು ಕಂಡ್ರೆ ಒಟ್ಟೆಕಿಚ್ಚೇನೇ ನಿಂಗೆ?” ಎಂದು ನಿನ್ನ ಬೆನ್ನಿಗೆ ಒಂದು ಬಿಟ್ಟರು. ನೀನು ಅಳುತ್ತ ಒಳಗೆ ಓಡಿದೆ. ಬೀದಿಯವರು ಓದಿಬಿಟ್ಟಾರೆಂದು ನನಗೆ ದಿಗಿಲು. ಹೆಸರನ್ನು ತುಳಿಯಬಾರದು, ಅಳಿಸಿಬಿಡಿ ಎಂದೆ. ಅದನ್ನೂ ನಂಬಿ ಅತ್ತಿಗೆ ಸೆರಗಿನಿಂದ ಮೆಲ್ಲಗೆ ಒರೆಸಿದರು.

ದೊಡ್ಡವಳಾದ ಮೇಲೆ ನಿನಗೆ ತಿಳಿದಿರಲೂಬಹುದು. ನೀನು ಕೇಳಲಿಲ್ಲ, ನಾನು ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತದೆ, ಜಯಾ. ಇನ್ನೂ ಒಂದಿದೆ — ಅದನ್ನೂ ಹೇಳಿಬಿಡುತ್ತೇನೆ. ತೀರಿಕೊಳ್ಳುವ ಹಿಂದಿನ ತಿಂಗಳು ಅತ್ತಿಗೆ ಹಾಸಿಗೆಯಲ್ಲೇ ಒರಗಿ ಕೂತು, ನಿನ್ನ ಮಗಳ ಸ್ಲೇಟಿನ ಮೇಲೆ ನಾಲ್ಕಕ್ಷರ ಬರೆದರು. “ನಂಗ್ ಬರೋದು ಇದೊಂದೇ ಕಣೇ, ನನ್ ಎಸ್ರು,” ಎಂದು ಮೊಮ್ಮಗಳತ್ತ ಚಾಚಿದರು. ಪಕ್ಕದಲ್ಲಿ ನಾನಿದ್ದೆ.

ಮಗು ಓದುವ ಮೊದಲೇ ಸ್ಲೇಟು ತೆಗೆದುಕೊಂಡು ಅಳಿಸಿಬಿಟ್ಟೆ.