ಹೇಳದೆ ಬಂದವರ ದ್ವೀಪ

ಡೀಮೆನ್ ಎಂಬ ಡಚ್ ಊರಿನ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಮೊಳೆಗೆ ಒಂದು ಕ್ಯಾಲೆಂಡರ್ ತೂಗುತ್ತದೆ. ಈ ದೇಶದಲ್ಲಿ ಯಾರೂ ಯಾರ ಮನೆಗೂ ಸುಮ್ಮನೆ ಹೋಗುವುದಿಲ್ಲ. ಮೊದಲು ದಿನ, ಗಂಟೆ ಗೊತ್ತುಮಾಡಿಕೊಳ್ಳಬೇಕು, ಅದಕ್ಕೆ ಆಫ್‌ಸ್ಪ್ರಾಕ್ ಎನ್ನುತ್ತಾರೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಡಚ್ಚರಿಂದ ಸಲೀಸಾಗಿ ಕಲಿತ ಪಾಠ ಇದೊಂದೇ. ಕಲಿತೆನೆಂಬ ಜಂಬವೂ ಇತ್ತು. ಆ ಜಂಬದಲ್ಲಿ ಏನು ಮಾಡಿದೆನೆಂದು ನಿಮ್ಮ ಹತ್ತಿರವಾದರೂ ಹೇಳಿಬಿಡುತ್ತೇನೆ.

ತಮ್ಮ ಆನಂದ ಚಿಕ್ಕವನಿದ್ದಾಗ ಸಂಜೆಯ ಪ್ರಾರ್ಥನೆಯಲ್ಲಿ ಬೈಬಲ್ ಓದುತ್ತಿದ್ದವಳು ನಾನು. ಅವನಿಗೆ ಬೇಕಾದದ್ದು ಒಂದೇ ಕಥೆ: ಕೈದಿಯಾಗಿ ರೋಮಿಗೆ ಹೊರಟ ಪೌಲನ ಹಡಗು ಬಿರುಗಾಳಿಗೆ ಸಿಕ್ಕಿ, ಮೆಲೀತೆ ಎಂಬ ದ್ವೀಪದ ಬಳಿ ಒಡೆದದ್ದು. "ಎಷ್ಟು ಜನ ಇದ್ರು ಅಕ್ಕಾ?" ಎಂದು ಪ್ರತಿಸಲವೂ ಕೇಳುತ್ತಿದ್ದ. "ಇನ್ನೂರ ಎಪ್ಪತ್ತಾರು ಕಣೋ, ನಿನ್ನೆ ತಾನೆ ಹೇಳಿದ್ನಲ್ಲೋ!" ಎಂದು ಗದರುತ್ತಿದ್ದೆ. ಆ ಮೆಲೀತೆಯೇ ಇಂದಿನ ಮಾಲ್ಟಾ. ಹುಡುಗ ಬೆಳೆದು, ಸಮುದ್ರದ ತಳದಲ್ಲಿ ಹೂತ ಹಳೆಯ ಹಡಗುಗಳ ಬಗ್ಗೆ ಓದಲು, ನಾನು ಮದುವೆಯಾಗಿ ಬಂದ ಈ ದೇಶಕ್ಕೇ ಬಂದ.

ಕಳೆದ ಅಕ್ಟೋಬರಿನ ಒಂದು ಶನಿವಾರ, ಪಕ್ಕದ ಮನೆಯ ಇಬ್ಬರು ಡಚ್ ಹೆಂಗಸರು, ಕ್ಯಾಲೆಂಡರಿನಲ್ಲಿ ಬರೆದಿಟ್ಟ ಗಂಟೆಗೆ ಸರಿಯಾಗಿ ಕಾಫಿಗೆ ಬಂದು ಕೂತಿದ್ದರು. ಬೆಲ್ ಆಯಿತು. ಬಾಗಿಲಲ್ಲಿ ಆನಂದ, ತಲೆಯಿಂದ ಮಳೆನೀರು ಇಳಿಯುತ್ತಿತ್ತು, ಶೂ ತುಂಬ ಕೆಸರು.

"ಅಕ್ಕಾ, ಒಂದ್ ಸುದ್ದಿ ಇದೆ!"

"ಫೋನ್ ಮಾಡಿ ಬರ್ಬಾರ್ದೇನೋ? ಒಳಗೆ ಜನ ಇದಾರೆ. ಆಫ್‌ಸ್ಪ್ರಾಕ್ ಮಾಡ್ಕೊಂಡು ನಾಳೆ ಬಾ."

"ಅಕ್ಕನ ಮನೆಗೂ ಆಫ್‌ಸ್ಪ್ರಾಕಾ?" ಎಂದು ನಕ್ಕ. ನಾನು ನಗಲಿಲ್ಲ. ಒಂದು ಟವೆಲ್ ಕೂಡ ಕೊಡಲಿಲ್ಲ. ಅವನು ಮಳೆಯಲ್ಲೇ ಟ್ರಾಮಿನ ಕಡೆ ನಡೆದ.

ಮಾರನೆಯ ದಿನ ಬರಲಿಲ್ಲ. ಮಾಲ್ಟಾದಲ್ಲಿ ಕೆಲಸ ಸಿಕ್ಕಿತೆಂಬ ಆ ಸುದ್ದಿ ನನಗೆ ತಲುಪಿದ್ದು ಅವನು ಅಲ್ಲಿಗೆ ಹೋದ ಮೇಲೆ. ಜಗಳವಾಡಿದ್ದರೆ ಚೆನ್ನಾಗಿತ್ತು, ಈಗ ಅವನು ಪ್ರತಿಸಲವೂ ಮೊದಲು ಮೆಸೇಜ್ ಹಾಕುತ್ತಾನೆ: "ಅಕ್ಕಾ, ಫೋನ್ ಮಾಡ್ಲಾ? ನಿಂಗೆ ಯಾವ ಟೈಮ್ ಆಗುತ್ತೆ?" ಅಷ್ಟು ಮರ್ಯಾದೆ ನನಗೆ ಯಾರೂ ಕೊಟ್ಟಿಲ್ಲ, ಅಷ್ಟು ನೋವನ್ನೂ.

ಗೊತ್ತುಮಾಡಿದ ಆ ಹತ್ತು ನಿಮಿಷದಲ್ಲಿ ಅವನು ಕೆಲಸದ ಮಾತಷ್ಟೇ ಆಡುತ್ತಾನೆ. ಸಮುದ್ರದ ತಳದಲ್ಲಿ ಸೀಸದ ಲಂಗರಿನ ತುಂಡುಗಳು ಸಿಗುತ್ತವಂತೆ; ಆದರೆ ಪೌಲನ ಹಡಗಿನದು ಯಾವುದು, ಅದು ಒಡೆದದ್ದು ಯಾವ ಕೊಲ್ಲಿಯಲ್ಲಿ ಎಂದು ಖಚಿತವಾಗಿ ಹೇಳುವವರಿಲ್ಲವಂತೆ. ನಾನು ಹೂಂಗುಡುತ್ತೇನೆ. ನನ್ನ ಮನಸ್ಸು ಮಾತ್ರ ಲಂಗರನ್ನು ಬಿಟ್ಟು ದಡಕ್ಕೆ ಹೋಗುತ್ತದೆ. ಪೌಲನ ಹಡಗು ಒಡೆದ ದಿನವೂ ಮಳೆ, ಚಳಿ. ಸಮುದ್ರದಿಂದ ಎದ್ದು ಬಂದ ಇನ್ನೂರ ಎಪ್ಪತ್ತಾರು ಜನರಲ್ಲಿ ಒಬ್ಬನೂ ಹೇಳಿ ಬಂದವನಲ್ಲ. ಬಂದವರು ಯಾರು, ಏನು ಎಂದು ಕೇಳುವ ಮೊದಲೇ ಆ ದ್ವೀಪದವರು ಬೆಂಕಿ ಹೊತ್ತಿಸಿ ಎಲ್ಲರನ್ನೂ ಹತ್ತಿರ ಕರೆದರು. ಆ ಬೆಂಕಿಯ ಬೂದಿ ಯಾವ ಅಗೆತಕ್ಕೂ ಸಿಗುವಂಥದ್ದಲ್ಲ. ಆದರೂ ಅದರ ಬಿಸಿ ಇನ್ನೂ ಆರಿಲ್ಲವೆಂದು ನನಗನ್ನಿಸುವುದು, ಆ ಕಥೆಯನ್ನು ನೂರು ಸಲ ಓದಿದ ಇದೇ ಬಾಯಿ ಒಡಹುಟ್ಟಿದವನಿಗೆ "ನಾಳೆ ಬಾ" ಎಂದದ್ದು ನೆನಪಾದಾಗ.

ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ಒಂದು ಚೌಕ ಖಾಲಿ ಇದೆ. ಆ ದಿನಕ್ಕೆ ಮಾಲ್ಟಾದ ಟಿಕೆಟ್ ತೆಗೆದಿದ್ದೇನೆ. ಚೌಕದಲ್ಲಿ ಏನೂ ಬರೆದಿಲ್ಲ, ಅವನಿಗೂ ಹೇಳಿಲ್ಲ. ಅವನು ಬಾಗಿಲು ತೆರೆದು "ಫೋನ್ ಮಾಡಿ ಬರ್ಬಾರ್ದಿತ್ತಾ ಅಕ್ಕಾ?" ಎಂದರೆ, ಅನ್ನಲಿ. ಹೊರಗೇ ನಿಂತಿರುತ್ತೇನೆ. ಮಳೆ ಬಂದರೂ ಸರಿ.